ಪುಟ ನಂಬರ್ ಹೇಳಿ ಮಾತಾಡಿ

ಹೊಳಲ್ಕೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಲ್ಯಾಮಿನೇಷನ್, ಪಹಣಿ ತೆಗೆದುಕೊಡೋದು, ಆನ್‌ಲೈನ್ ಅರ್ಜಿ ಹಾಕೋದು ಎಲ್ಲ ಅಲ್ಲೇ. ಹುಟ್ಟಿದ ಊರು ಅಲ್ಲಿಂದ ಅರ್ಧ ಗಂಟೆ ದಾರಿ, ಗುಡ್ಡದ ಬುಡದಲ್ಲಿ. ಊರಿನ ಹೆಸರು ಬರೆಯಲ್ಲ. ಬರೆದರೆ ಯಾವ ಮೈನ್ಸು, ಯಾರ್ಯಾರು ಏನೇನು ಮಾತಾಡಿದರು ಅಂತ ಎಲ್ಲ ಗೊತ್ತಾಗುತ್ತೆ. ನಾನು ಅದೇ ಜನರ ಮಧ್ಯೆ ಇರಬೇಕು, ಅಲ್ವಾ?

ಎರಡು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ದೊಡ್ಡಪ್ಪ ಅಂಗಡಿಗೆ ಬಂದರು. ಜೇಬಿನಿಂದ ನಾಲ್ಕು ಮಡಿಕೆಯ ಪೇಪರ್ ತುಂಡು ತೆಗೆದು ಗಾಜಿನ ಮೇಲೆ ಹರವಿದರು. ಭೀಮಸಮುದ್ರದ ಮಂಡಿಯಲ್ಲಿ ಯಾರೋ ಅಡಿಕೆ ಸ್ಯಾಂಪಲ್ ಕಟ್ಟಿಕೊಟ್ಟ ಪೇಪರ್ ಅದು.

"ಇದ್ರಾಗೆ ನಮ್ಮೂರ ಹೆಸರು ಐತೆ. ಏನಂತ ಓದಪ್ಪ" ಅಂದರು.

ಓದಿದೆ. ಗುಡ್ಡದ ಮೇಲಿನ ಮೈನ್ಸ್ ದೊಡ್ಡದಾಗುತ್ತೆ. ಅದಕ್ಕೆ ಪರಿಸರ ಅನುಮತಿ ಬೇಕು. ಅನುಮತಿಗೆ ಮೊದಲು ಜನರ ಮಾತು ಕೇಳಬೇಕು. ನೋಟಿಸಿನಲ್ಲಿ ಅದರ ಹೆಸರು 'ಪರಿಸರ ಸಾರ್ವಜನಿಕ ಆಲಿಕೆ ಸಭೆ'. ಊರಿನ ಬಾಯಲ್ಲಿ ಆಮೇಲೆ ಅದು ಬರೀ 'ಮೈನ್ಸ್ ಮೀಟಿಂಗ್' ಆಯಿತು. ನೋಟಿಸಿಗೂ ಸಭೆಗೂ ಮಧ್ಯೆ ಕಡಿಮೆ ಅಂದರೂ 30 ದಿನ ಇರಬೇಕು ಅಂತ ಪರಿಸರ ಅನುಮತಿ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆ ಹೇಳುತ್ತೆ. ಇದ್ದದ್ದೂ 30 ದಿನವೇ. ಅಡಿಕೆ ಕಟ್ಟಿಸಿಕೊಂಡು ಆ ಪೇಪರ್ ನಮ್ಮ ಕೈ ಸೇರುವಷ್ಟರಲ್ಲಿ 11 ದಿನ ಕಳೆದಿತ್ತು.

ಇದರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಕಬ್ಬಿಣದ ಅದಿರಿಗೆ ಅದಿರು ಅನ್ನೋದು ಕಡಿಮೆ, 'ಮಣ್ಣು' ಅಂತಾರೆ. 2009, 2010ರ ಹೊತ್ತಿಗೆ ಮಣ್ಣಿನ ಕಾಲ ಜೋರಾಗಿತ್ತು. ನಾಳೆ ಮದುವೆ ಇಟ್ಟುಕೊಂಡವನೂ ಇವತ್ತು ಟಿಪ್ಪರ್ ಓಡಿಸುತ್ತಿದ್ದ. ದೊಡ್ಡಪ್ಪನ ಮಗ, ನಮ್ಮಣ್ಣ, ಆಗ ಲಾರಿ ಡ್ರೈವರ್. ಹೊಸಪೇಟೆ ಕಡೆಯಿಂದ ಲೋಡ್ ಮಾಡಿಕೊಂಡು, ಹುಬ್ಬಳ್ಳಿ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ. ಅದೇ ಬೇಲೆಕೇರಿ. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರೇ ಲಕ್ಷಗಟ್ಟಲೆ ಟನ್ ಮಾಯವಾಗಿ ರಾಜ್ಯವೆಲ್ಲ ಸುದ್ದಿಯಾಯಿತಲ್ಲ, ಆ ಬಂದರು.

ಅಣ್ಣ ಒಂದು ಮಾತು ಆಗಾಗ ಹೇಳುತ್ತಾನೆ. ಆ ದಾರಿಯಲ್ಲಿ ಮೀನು ಒಣಹಾಕಿಕೊಂಡು ಕೂತ ಹೆಂಗಸರು ಲಾರಿ ಕಂಡರೆ ಬೈಯುತ್ತಿದ್ದರಂತೆ. ಕೆಂಪು ದೂಳು ಮೀನಿನ ಮೇಲೆ ಕೂತರೆ ಯಾರು ಕೊಳ್ಳುತ್ತಾರೆ ಅಂತ. "ಅವರ ಕೊಂಕಣಿ ನಂಗೆ ಅರ್ಥ ಆಗ್ತಿರಲಿಲ್ಲ. ಆದರೆ ಬೈಗುಳ ಅಂತ ಗೊತ್ತಾಗ್ತಿತ್ತು. ಅಮ್ಮ ಇಲ್ಲಿ ಅಡಿಕೆ ಒಣಹಾಕಿಕೊಂಡು ಬೈಯೋದೂ ಅದೇ ರಾಗ."

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿನದೂ ನಿಂತಿತು. ಅಷ್ಟರಲ್ಲಿ ಅಣ್ಣ ಫೈನಾನ್ಸ್‌ನಲ್ಲಿ ಸ್ವಂತ ಟಿಪ್ಪರ್ ತೆಗೆದಿದ್ದ. ಎಂಟು ಕಂತು ಕಟ್ಟಿದ್ದ. ಒಂಬತ್ತನೇದು ಕಟ್ಟಲಿಲ್ಲ, ಗಾಡಿ ಎಳೆದುಕೊಂಡು ಹೋದರು. ಅವನ ಪ್ರಕಾರ ಮೈನ್ಸ್ ನಿಂತದ್ದೇ ಅನ್ಯಾಯ. ದೊಡ್ಡಪ್ಪನ ಪ್ರಕಾರ ಮೈನ್ಸ್ ಶುರುವಾದದ್ದೇ ಅನ್ಯಾಯ. ಒಂದೇ ಮನೆ, ಒಂದೇ ಒಲೆ, ಊಟಕ್ಕೆ ಕೂತರೆ ಇಬ್ಬರೂ ಗೋಡೆ ನೋಡುತ್ತಾರೆ.

2013ರಲ್ಲಿ ಕೋರ್ಟು ಷರತ್ತು ಹಾಕಿ ಮತ್ತೆ ಶುರುಮಾಡಲು ಬಿಟ್ಟಿತು. ವರ್ಷಕ್ಕೆ ಇಷ್ಟೇ ತೆಗೆಯಬೇಕು ಅಂತ ಮಿತಿಯನ್ನೂ ಹಾಕಿತು. ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷಕ್ಕೆ 70 ಲಕ್ಷ ಟನ್ ಇದ್ದ ಮಿತಿ 2022ರ ಆಗಸ್ಟಿನಲ್ಲಿ 150 ಲಕ್ಷ ಟನ್ ಆಯಿತು. ಮೇಲೆ ಮಿತಿ ಏರಿದರೆ ಕೆಳಗೆ ನಮ್ಮೂರ ರಸ್ತೆಗೆ ಅದು ಬಂದೇ ಬರುತ್ತೆ.

ಸರಿ, ಮೈನ್ಸ್ ದೊಡ್ಡದಾದರೆ ಪರಿಸರಕ್ಕೆ ಏನಾಗುತ್ತೆ ಅಂತ ಕಂಪನಿ ಮಾಡಿಸಿದ ವರದಿ ಓದಬೇಕು ಅಂತ ಹೊರಟೆ. ಪ್ರತಿ ಎಲ್ಲೆಲ್ಲಿ ಸಿಗುತ್ತೆ ಅಂತ ನೋಟಿಸಿನಲ್ಲೇ ಪಟ್ಟಿ ಇತ್ತು. ಹತ್ತಿರದ ಒಂದು ಕಚೇರಿಗೆ ಹೋದೆ. "ಬಂದೈತೆ, ಬೀರುವಿನಾಗೆ ಐತೆ, ಕೀ ಸಾಹೇಬ್ರ ಹತ್ರ ಐತೆ." ಮೂರು ದಿನ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿ, ಕೀ ಸಾಹೇಬರ ಜೊತೆ. ನಾಲ್ಕನೇ ದಿನ ಅಂಗಡಿ ಹೆಂಡತಿಗೆ ಬಿಟ್ಟು ಚಿತ್ರದುರ್ಗದ ಬಸ್ ಹತ್ತಿದೆ. ಅಲ್ಲಿ ಸಿಕ್ಕಿತು. ಇಲ್ಲೇ ಕೂತು ಓದಿ, ಹೊರಗೆ ಒಯ್ಯೋ ಹಾಗಿಲ್ಲ ಅಂದರು. ಫೋಟೋ ತೆಗೆಯಬಹುದಾ ಅಂದೆ. ತೆಗೀರಿ ಅಂದರು. 300 ಪುಟಕ್ಕೂ ಜಾಸ್ತಿ, ಪೂರ್ತಿ ಇಂಗ್ಲಿಷ್. ಒಂದೊಂದೇ ಪುಟ ಮೊಬೈಲ್‌ನಲ್ಲಿ ಹೊಡೆದೆ. ಬ್ಯಾಟರಿ ಎರಡು ಸಲ ಸತ್ತಿತು. ಜೀವನವೆಲ್ಲ ಬೇರೆಯವರ ಕಾಗದ ನಕಲು ಮಾಡಿದವನು ನಾನು. ಮೊದಲ ಸಲ ನನ್ನ ಕಾಗದ ಅಂತ ನಕಲು ಮಾಡಿದೆ.

ಕನ್ನಡದಲ್ಲಿ ಒಂದು ಸಾರಾಂಶ ಇತ್ತು. ಇರಲೇಬೇಕು, ನಿಯಮ ಹಾಗಿದೆ. ಅದನ್ನು ಯಂತ್ರಕ್ಕೆ ಕೊಟ್ಟು ತಿರುಗಿಸಿದ್ದು ಅಂತ ಎರಡನೇ ಪುಟಕ್ಕೇ ಗೊತ್ತಾಯಿತು. ಕ್ರಷಿಂಗ್ ಪ್ಲಾಂಟ್ ಅನ್ನುವ ಕಡೆಯೆಲ್ಲ 'ಪುಡಿಮಾಡುವ ಸಸ್ಯ' ಅಂತ ಇತ್ತು. ದೊಡ್ಡಪ್ಪನಿಗೆ ಓದಿ ಹೇಳಿದೆ. "ಅದರ ಸಸಿ ಎಲ್ಲಿ ಸಿಗುತ್ತೆ ಕೇಳು, ತೋಟದಾಗೆ ಎರಡು ನೆಡಾನ" ಅಂದರು.

ಆಮೇಲೆ ಐದಾರು ರಾತ್ರಿ ಶಟರ್ ಅರ್ಧ ಇಳಿಸಿ ಓದಿದೆವು. ನಾನು ಮತ್ತು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಮೇಷ್ಟ್ರು. ಈಗ ರಿಟೈರ್ಡ್. ಕೆಂಪು ಪೆನ್ನು ಬಿಟ್ಟು ಅವರಿಗೆ ಓದೋಕೇ ಬರಲ್ಲ. ಮೊದಲು ಪೂರ್ತಿ ಓದೋಕೆ ಹೊರಟು ಸೋತೆವು. "ಲೇ, ಪರೀಕ್ಷೆಗೆ ಓದೋ ಹಾಗೆ ಓದಬೇಡ. ನಮ್ಮೂರಿಗೆ ಸಂಬಂಧ ಇರೋ ಟೇಬಲ್ ಮಾತ್ರ ಹಿಡಿ" ಅಂದರು ಮೇಷ್ಟ್ರು. ಅದು ಕೆಲಸಕ್ಕೆ ಬಂತು.

ಮೊದಲು ಸಿಕ್ಕಿದ್ದು ಗಾಳಿಯ ಟೇಬಲ್. ಇಂಥ ವರದಿಗೆ ಮಳೆಗಾಲ ಬಿಟ್ಟು ಒಂದು ಹಂಗಾಮಿನ ಅಳತೆ ಸಾಕು. ಸುತ್ತ ಹತ್ತು ಕಿಲೋಮೀಟರಿನೊಳಗೆ ಕೆಲವು ಜಾಗದಲ್ಲಿ ಯಂತ್ರ ಇಟ್ಟು ದೂಳು ಅಳೆದಿದ್ದರು. ಪಿಎಂ10 ಅನ್ನುವ ಸಣ್ಣ ದೂಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು ಅಂತ 2009ರ ಮಾನದಂಡ ಇದೆ. ಟೇಬಲ್‌ನಲ್ಲಿ ಎಲ್ಲ ಕಡೆಯೂ ಅದರ ಒಳಗೇ ಇತ್ತು. ಎಲ್ಲ ಚೆನ್ನಾಗಿದೆ ಅಂದುಕೊಂಡೆ. ಮೇಷ್ಟ್ರು ನಕ್ಷೆ ಪಕ್ಕಕ್ಕೆ ಇಟ್ಟುಕೊಂಡರು. ಟಿಪ್ಪರ್ ಓಡಾಡುವ ರಸ್ತೆಯ ಮೇಲಿರೋದು ನಮ್ಮೂರು. ನಮ್ಮೂರಿನಲ್ಲಿ ಯಂತ್ರವೇ ಇಟ್ಟಿರಲಿಲ್ಲ. ಇಟ್ಟಿದ್ದ ಊರುಗಳೆಲ್ಲ ಗುಡ್ಡದ ಆ ಮಗ್ಗುಲಲ್ಲಿ.

ಎರಡನೇದು ಜಮೀನಿನ ಟೇಬಲ್. ಹಟ್ಟಿಯವರು ಕುರಿ ಮೇಯಿಸುವ ಗೋಮಾಳ ಅದರಲ್ಲಿ 'ಪಾಳು' ಆಗಿತ್ತು. ನಾನೇ ಅದೇ ಸರ್ವೆ ನಂಬರಿನ ಪಹಣಿ ತೆಗೆದೆ. ಪಹಣಿಯಲ್ಲಿ ಗೋಮಾಳ ಅಂತಲೇ ಇದೆ. ನೂರು ದನಕ್ಕೆ 12 ಹೆಕ್ಟೇರ್ ಲೆಕ್ಕದಲ್ಲಿ ಹುಲ್ಲುಗಾವಲು ಇಡಬೇಕು ಅಂತ ಭೂಕಂದಾಯ ನಿಯಮ ಇದೆ. ಕಂದಾಯದ ಕಾಗದಕ್ಕೆ ಅದು ಹುಲ್ಲು, ಕಂಪನಿಯ ಕಾಗದಕ್ಕೆ ಪಾಳು. ಕುರಿಗೆ ಎರಡೂ ಓದೋಕೆ ಬರಲ್ಲ, ಅಷ್ಟೇ.

ಮೂರನೇದು ಲಾರಿ. ವರ್ಷಕ್ಕೆ ಇಷ್ಟು ಟನ್ ಅಂತ ಬರೆದಿರುತ್ತಾರೆ. ಆ ಅಂಕಿ ಯಾರ ತಲೆಗೂ ಹೋಗಲ್ಲ. ಮೇಷ್ಟ್ರು ಕ್ಯಾಲೆಂಡರ್ ಹಿಂದೆ ಮಾಡಿ ತೋರಿಸಿದ ರೀತಿ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ವರ್ಷಕ್ಕೆ 3 ಲಕ್ಷ ಟನ್ ಅಂದುಕೊಳ್ಳಿ. 300 ದಿನ ಕೆಲಸ. ದಿನಕ್ಕೆ 1,000 ಟನ್. ಒಂದು ಟಿಪ್ಪರ್‌ಗೆ 20 ಟನ್ ಅಂದರೆ 50 ಲೋಡು. ಹೋದದ್ದು ಖಾಲಿ ವಾಪಸ್ ಬರಬೇಕಲ್ಲ, ಹಾಗಾಗಿ 100 ಓಡಾಟ. ಹತ್ತು ಗಂಟೆ ಓಡಿಸಿದರೆ ಆರು ನಿಮಿಷಕ್ಕೊಂದು ಗಾಡಿ. ಟನ್‌ನಲ್ಲಿ ಹೇಳಿದರೆ ಸುಮ್ಮನೆ ಕೂರುವ ಜನ 'ಆರು ನಿಮಿಷಕ್ಕೊಂದು' ಅಂದರೆ ತಕ್ಷಣ ಮಕ್ಕಳು ಶಾಲೆಗೆ ರಸ್ತೆ ದಾಟೋದು ನೆನಪು ಮಾಡಿಕೊಳ್ಳುತ್ತಾರೆ.

ಸಭೆಗೆ ಒಂದು ವಾರ ಇರುವಾಗ ಆಂಜನೇಯನ ಗುಡಿ ಕಟ್ಟೆಯಲ್ಲಿ ಊರು ಸೇರಿತು. ಜೋರು ಗದ್ದಲ. ಬಹಿಷ್ಕಾರ ಹಾಕೋಣ, ಒಬ್ಬರೂ ಹೋಗೋದು ಬೇಡ ಅಂತ ಒಂದು ಗುಂಪು. ಕೇಳೋಕೆ ಚೆನ್ನಾಗಿತ್ತು. ಮೇಷ್ಟ್ರು ಎದ್ದು ನಿಯಮ ಓದಿದರು. ಈ ಸಭೆಗೆ ಕೋರಂ ಅನ್ನೋದೇ ಇಲ್ಲ. ಹತ್ತು ಜನ ಬಂದರೂ ಸಭೆ ಆದ ಹಾಗೇ. "ನೀವು ಹೋಗಲಿಲ್ಲ ಅಂದರೆ, ವಿರೋಧ ಯಾರೂ ಮಾಡಲಿಲ್ಲ ಅಂತ ಬರೆದುಕೊಳ್ಳುತ್ತಾರೆ. ಮುಗೀತು."

ಇನ್ನೊಂದು ವಿಷಯ ನನಗೂ ಅವತ್ತೇ ಸರಿಯಾಗಿ ತಿಳಿದದ್ದು. ವೇದಿಕೆ ಮೇಲೆ ಕೂರುವ ಅಧಿಕಾರಿ ಅಲ್ಲಿ ಏನೂ ತೀರ್ಮಾನ ಮಾಡಲ್ಲ. ಹೌದು ಅನ್ನೋಕೂ ಅವರಿಗೆ ಅಧಿಕಾರ ಇಲ್ಲ, ಇಲ್ಲ ಅನ್ನೋಕೂ ಇಲ್ಲ. ಕೇಳಿಸಿಕೊಂಡು, ಬರೆಸಿ, ವಿಡಿಯೋ ಮಾಡಿಸಿ ಕಳಿಸೋದಷ್ಟೇ. ತಜ್ಞರ ಸಮಿತಿಯ ಶಿಫಾರಸು ನೋಡಿ ತೀರ್ಮಾನ ಮಾಡುವವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ, ಯೋಜನೆಯ ಗಾತ್ರದ ಮೇಲೆ. ಅವರು ನಮ್ಮೂರನ್ನು ಕಂಡಿರಲ್ಲ. ಅವರ ಮುಂದೆ ಹೋಗೋದು ಕಾಗದ. ಹಾಗಾಗಿ ಅಧಿಕಾರಿಯ ಮೇಲೆ ಕೂಗಾಡಿದರೆ ಗಂಟಲು ನೋವು ಬಿಟ್ಟು ಬೇರೇನೂ ಬರಲ್ಲ. ಕಾಗದಕ್ಕೆ ಹೋಗುವ ಹಾಗೆ ಮಾತಾಡಬೇಕು.

ಸಭೆಯ ದಿನ ಶಾಲೆ ಮೈದಾನದಲ್ಲಿ ಶಾಮಿಯಾನ. ಪೊಲೀಸ್ ವ್ಯಾನು, ಮಜ್ಜಿಗೆ ಪ್ಯಾಕೆಟ್ಟು, ಪಲಾವ್ ಪೊಟ್ಟಣ. ಮುಂದಿನ ಮೂರು ಸಾಲು ಕುರ್ಚಿ ನಾವು ಹೋಗುವಷ್ಟರಲ್ಲೇ ತುಂಬಿತ್ತು. ಎಲ್ಲಿಯವರೋ ಗೊತ್ತಿಲ್ಲ, ಚಪ್ಪಾಳೆ ಮಾತ್ರ ಚೆನ್ನಾಗಿ ಹೊಡೆದರು. ಕಂಪನಿ ಕಡೆಯವರು ಪರದೆ ಮೇಲೆ ಚಿತ್ರ ತೋರಿಸಿದರು. ಹಸಿರು ಗಿಡ, ನೀರು ಚಿಮುಕಿಸುವ ಟ್ಯಾಂಕರ್, ಹೆಲ್ಮೆಟ್ ಹಾಕಿ ನಗುವ ಕಾರ್ಮಿಕ. ಅರ್ಧ ಇಂಗ್ಲಿಷ್. ಮೇಷ್ಟ್ರು ಕೂತಲ್ಲಿಂದಲೇ "ಕನ್ನಡದಾಗೆ ಹೇಳಿ ಸ್ವಾಮಿ" ಅಂದ ಮೇಲೆ ಕನ್ನಡ ಬಂತು.

ಮೊದಲು ಮಾತಾಡಿದವರು ಬಹಳ ಜನ ಗುಡಿ ಕಟ್ಟಿಸಿಕೊಡಿ, ಸಮುದಾಯ ಭವನ ಕೊಡಿ, ನೀರಿನ ಟ್ಯಾಂಕ್ ಕೊಡಿ ಅಂದರು. ನನಗೆ ಇದು ಸರಿ ಅನ್ನಿಸಲಿಲ್ಲ. ಗಣಿಯಿಂದ ತೊಂದರೆ ಆದ ಊರಿಗೆ ಅಂತಲೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೇ ಗುತ್ತಿಗೆಯಾದರೆ ಕಂಪನಿ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ 10ರಷ್ಟು ಹಣ ಅದಕ್ಕೆ ಬರುತ್ತೆ. ಟ್ಯಾಂಕು, ಆಸ್ಪತ್ರೆ ಅಲ್ಲಿ ಕೇಳಬೇಕು. ಇಲ್ಲಿ ಸಿಗುವ ಎರಡು ಮೂರು ನಿಮಿಷವನ್ನು ಅದಕ್ಕೆ ಸುರಿದರೆ ದೂಳಿನ ಮಾತು ಯಾರು ಆಡಬೇಕು?

ಅಣ್ಣ ಮೈಕ್ ಹಿಡಿದ. ಮೈನ್ಸ್ ಬೇಕು ಅಂದ. ದೊಡ್ಡಪ್ಪ ತಲೆ ತಗ್ಗಿಸಿದರು. ಆದರೆ ಅಣ್ಣ ಅಲ್ಲಿಗೇ ಬಿಡಲಿಲ್ಲ. "ಕೆಲಸ ಕೊಡ್ತೀವಿ ಅಂತೀರಿ. ಗುತ್ತಿಗೆದಾರನ ಕೈ ಕೆಳಗೆ ಕೊಟ್ಟರೆ ಅದು ಕೆಲಸ ಅಲ್ಲ. ನಿಂತ ದಿನ ನಾವು ಯಾರು ಅಂತ ನಿಮಗೆ ಗೊತ್ತಿರಲ್ಲ. ಎಷ್ಟು ಜನಕ್ಕೆ ನಿಮ್ಮ ಹಾಜರಿ ಪುಸ್ತಕದಾಗೆ ಹೆಸರು, ಎಷ್ಟು ಜನಕ್ಕೆ ಪಿಎಫ್, ಅದು ಹೇಳಿ." ಮುಂದಿನ ಮೂರು ಸಾಲಿನವರಿಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಗೊತ್ತಾಗಲಿಲ್ಲ.

ತಾಂಡಾದವರೊಬ್ಬರು ಎದೆಯ ಎಕ್ಸ್‌ರೇ ಹಿಡಿದುಕೊಂಡೇ ಬಂದಿದ್ದರು. ಹಿಂದೆ ಡ್ರಿಲ್ಲಿಂಗ್ ಕೆಲಸ ಮಾಡಿದವರು. ಈಗ ಸುಗ್ಗಿ ಇದ್ದಾಗ ಹೆಂಡತಿ ಮಕ್ಕಳು ಕಾಫಿ ಸೀಮೆಗೆ ಹೋಗುತ್ತಾರೆ, ಇವರು ಮನೆಯಲ್ಲಿ ಕೆಮ್ಮುತ್ತಾ ಇರುತ್ತಾರೆ. ಗಣಿಗೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷದೊಳಗೆ ಒಮ್ಮೊಮ್ಮೆ ಡಾಕ್ಟರ್ ತಪಾಸಣೆ ಆಗಬೇಕು ಅಂತ 1955ರ ಗಣಿ ನಿಯಮದಲ್ಲೇ ಇತ್ತು. ಇವರಿಗೆ ಒಂದು ಸಲವೂ ಆಗಿಲ್ಲ. ಮೇಷ್ಟ್ರು ಹೇಳಿಕೊಟ್ಟಿದ್ದ ಎರಡು ಸಾಲು ಮರೆತುಬಿಟ್ಟರು. ಎಕ್ಸ್‌ರೇಯನ್ನು ಬೆಳಕಿಗೆ ಎತ್ತಿ ಹಿಡಿದು, ಹಾಗೇ ಸ್ವಲ್ಪ ಹೊತ್ತು ನಿಂತು, ಇಳಿದು ಹೋದರು. ವಿಡಿಯೋದಲ್ಲಿ ಬಂತು. ಬರಹದಲ್ಲಿ ಬರುವ ಹಾಗೆ ನಾನು ಅವರ ಪರವಾಗಿ ಟೈಪ್ ಮಾಡಿದ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆ. ಮಾತಾಡಲಾಗದವರು ಬರೆದು ಕೊಡಬಹುದು. ಅದಕ್ಕೂ ಅಷ್ಟೇ ಬೆಲೆ.

ನನ್ನ ಸರದಿ ಬಂದಾಗ ಕಾಲು ನಡುಗುತ್ತಿತ್ತು. ಚೀಟಿ ನೋಡಿ ಶುರುಮಾಡಿದೆ. ಗಾಳಿಯ ಟೇಬಲ್ ಯಾವ ಪುಟ, ನಕ್ಷೆ ಯಾವ ಪುಟ ಅಂತ ನಂಬರ್ ಹೇಳಿದೆ. ಅಲ್ಲಿಯವರೆಗೆ ಪೆನ್ನಿನ ಕ್ಯಾಪ್ ಹಾಕಿಕೊಂಡು ಕೂತಿದ್ದವರು ಕ್ಯಾಪ್ ತೆಗೆದರು. ಕಂಪನಿ ಕಡೆಯವರೂ ವರದಿ ತಿರುವಿದರು. ಪುಟ ತಿರುಗುವ ಸದ್ದು ಮೈಕಿನಲ್ಲಿ ಕೇಳಿಸಿತು. ಹಿಂದೆ ಎಷ್ಟೋ ಜನ ದೂಳು ದೂಳು ಅಂತ ಕೂಗಿ ಹೋಗಿದ್ದರು. ಆಗ ಆ ಸದ್ದು ಬಂದಿರಲಿಲ್ಲ.

ಹಟ್ಟಿಯ ಅಜ್ಜಿ ಕೊನೆಗೆ ಬಂತು. ಮೈಕ್ ಬೇಡ ಅಂತ ಪಕ್ಕಕ್ಕೆ ತಳ್ಳಿತು. ಯಾರೋ ತಂದು ಬಾಯಿ ಹತ್ತಿರ ಹಿಡಿದರು.

"ನನ್ನ ಕುರಿ ಎಲ್ಲಿ ಮೇಯ್ಬೇಕಪ್ಪ?"

ಕಂಪನಿಯವರು ನಗುತ್ತಾ, ಗುಡ್ಡದ ಸುತ್ತ ಗ್ರೀನ್ ಬೆಲ್ಟ್ ಬೆಳೆಸುತ್ತೇವೆ, ಸಾವಿರಾರು ಗಿಡ ಬರುತ್ತೆ ಅಂದರು.

"ಅದಕ್ಕೆ ಬೇಲಿ ಹಾಕ್ತೀರೋ ಇಲ್ವೋ?"

ಉತ್ತರ ಬರಲಿಲ್ಲ. ಹಿಂದಿನಿಂದ ನಗು ಬಂತು, ಶಿಳ್ಳೆ ಬಂತು. ಅಜ್ಜಿ ಮಾತ್ರ ನಗಲಿಲ್ಲ. ಅದು ನಿಜವಾಗಿ ಕೇಳಿತ್ತು.

ಮಧ್ಯಾಹ್ನ ಎರಡೂವರೆಗೆ ವಂದನಾರ್ಪಣೆ ಶುರುವಾಯಿತು. ಜನ ಪಲಾವ್ ಕಡೆ ನಡೆದರು. ಮೇಷ್ಟ್ರು ನನ್ನ ಮೊಣಕೈ ತಿವಿದರು. ಸಭೆಯ ಕೊನೆಗೆ ನಡವಳಿಯ ಸಾರಾಂಶವನ್ನು ಅಲ್ಲೇ, ಜನರ ಭಾಷೆಯಲ್ಲಿ ಓದಿ ಹೇಳಬೇಕು. ಒಪ್ಪಿದ ಮೇಲೆ ಅವತ್ತೇ ಸಹಿ ಆಗಬೇಕು. ಅಧಿಸೂಚನೆಯ 4ನೇ ಅನುಬಂಧದಲ್ಲಿ ಸ್ಪಷ್ಟವಾಗಿದೆ. ಪ್ರಿಂಟ್ ಜೇಬಿನಲ್ಲೇ ಇತ್ತು. ವೇದಿಕೆ ಹತ್ತಿರ ಹೋಗಿ ತೋರಿಸಿದೆವು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಓದಿ ನೋಡಿದರು. ಒಳ್ಳೆಯವರು, ವಾದ ಮಾಡಲಿಲ್ಲ. "ಕೂತ್ಕೊಳ್ಳಿ, ಓದಿಸೋಣ" ಅಂದರು.

ಓದಿದರು. ಹೆಚ್ಚಿನದು ಸರಿ ಇತ್ತು. ಅಜ್ಜಿಯ ಹೆಸರು ಬಂತು. ಮುಂದಿನ ಸಾಲು: 'ಹಸಿರು ವಲಯ ಬೆಳೆಸುವಂತೆ ಕೋರಿದರು.'

ಬರೆದವರು ಬೇಕಂತಲೇ ಬರೆದರು ಅಂತ ನಾನು ಹೇಳಲ್ಲ. ಬೆಳಿಗ್ಗೆಯಿಂದ ಬರೆದು ಕೈ ಸೋತಿತ್ತೇನೋ. ಆದರೆ ಆ ಒಂದು ಸಾಲು ಹಾಗೇ ಹೋಗಿದ್ದರೆ, ಗೋಮಾಳ ಕಳೆದುಕೊಳ್ಳುವ ಅಜ್ಜಿಯೇ ಗ್ರೀನ್ ಬೆಲ್ಟ್ ಬೇಕು ಅಂತ ಬೇಡಿಕೊಂಡ ಹಾಗೆ ಆಗುತ್ತಿತ್ತು. ನಾವು ಎದ್ದು ನಿಂತೆವು. ಪೊಟ್ಟಣ ಹಿಡಿದುಕೊಂಡಿದ್ದ ಅಣ್ಣನೂ ಎದ್ದ. "ಅಜ್ಜಿ ಹಂಗಂದಿಲ್ಲ ಸರ್. ವಿಡಿಯೋ ಹಾಕಿ ನೋಡಿ." ವಿಡಿಯೋ ಹಾಕುವ ತನಕ ಹೋಗಲಿಲ್ಲ. ಅಧಿಕಾರಿ ಹೊಡೆಸಿ ಹಾಕಿಸಿದರು. ಮೇಷ್ಟ್ರು ಸಾಲು ಹೇಳಿದರು, ಅವರು ಬರೆದರು. ಆಮೇಲೆ ಸಹಿ ಆಯಿತು.

ಅನುಮತಿ ಬರೋಕೆ ತಿಂಗಳುಗಳು ಹಿಡಿದವು. ಬಂತು. ಬರಲ್ಲ ಅಂತ ನಾನು ಅಂದುಕೊಂಡಿರಲಿಲ್ಲ. ಷರತ್ತುಗಳನ್ನು ಅಂಗಡಿಯ ಕಂಪ್ಯೂಟರಿನಲ್ಲೇ ಓದಿದೆ. ದೂಳು ಅಳೆಯುವ ಯಂತ್ರ ನಮ್ಮೂರಿನಲ್ಲೂ ಇಡಬೇಕು ಅಂತ ಇದೆ. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಟಿಪ್ಪರ್ ಓಡಬಾರದು ಅಂತ ಇದೆ. ಗುತ್ತಿಗೆ ಕಾರ್ಮಿಕರಿಗೂ ತಪಾಸಣೆ ಆಗಬೇಕು ಅಂತ ಇದೆ. ಬೇಕಾದರೆ 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹೋಗಬಹುದಿತ್ತು. ಊರು ಹೋಗಲಿಲ್ಲ. ಅದು ಸರಿಯೋ ತಪ್ಪೋ, ಕಟ್ಟೆಯಲ್ಲಿ ಇನ್ನೂ ಮಾತು ನಡೆಯುತ್ತೆ. ಷರತ್ತು ಪಾಲಿಸಿದ ವರದಿಯನ್ನು ಕಂಪನಿ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಆ ಎರಡು ತಾರೀಕು ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಟ್ಟಿದ್ದೇನೆ. ಅಣ್ಣನ ಮಗ ಈಗ ಮೈನ್ಸ್‌ನಲ್ಲಿ ಕೆಲಸಕ್ಕಿದ್ದಾನೆ. ಅವನ ವೈದ್ಯಕೀಯ ತಪಾಸಣೆಯ ಫಾರಂ ನಾನೇ ಝೆರಾಕ್ಸ್ ಮಾಡಿದೆ.

ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ತೆಗೆಸಿದ್ದೆ. ಹೋದ ತಿಂಗಳು ಸಂತೆಗೆ ಬಂದ ಅಜ್ಜಿ ಅಂಗಡಿಗೂ ಬಂತು. ಅದರ ಮಾತು ಬರೆದ ಹಾಳೆ ಬೇಕಂತೆ. ಪ್ರಿಂಟ್ ತೆಗೆದೆ. ಯಾವ ಸಾಲು ಅಂತ ಕೇಳಿತು. ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದೆ. ಬೆರಳಿಟ್ಟು ನೋಡಿತು.

"ಪಕ್ಕದಾಗೆ ಇದೇನು?"

ಅದು ಕಂಪನಿಯ ಉತ್ತರದ ಕಾಲಂ. 'ಪರಿಶೀಲಿಸಲಾಗುವುದು' ಅಂತ ಇದೆ ಅಂದೆ.

"ಅಂದ್ರೆ ಬೇಲಿ ಹಾಕ್ತಾರೋ, ಇಲ್ವೋ?"

"ಅದು ಬರೆದಿಲ್ಲ ಅಜ್ಜಿ."

ಅಜ್ಜಿ ಸಂಚಿ ಬಿಚ್ಚಿ ದುಡ್ಡು ತೆಗೆಯಿತು. "ಅದನ್ನೂ ಸೇರ್ಸಿ ಲ್ಯಾಮಿನೇಷನ್ ಮಾಡು" ಅಂದಿತು.